ಪಾನಶೇತದ ಮಹಾಪೂರ: ನೆರೆಯೂ ನೆರೆಯವರೂ

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹೊಳೆ ಉಕ್ಕಿ ದಡ ಮೀರಿದರೆ ಅದೂ ನೆರೆ. ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯೂ ನೆರೆ. ಹುಟ್ಟಿದೂರು ಬಿಟ್ಟು ಪರಸ್ಥಳದಲ್ಲಿ ಸಂಸಾರ ಹೂಡಿರುವ ನಾವು ಈ ಎರಡು ಅರ್ಥಗಳನ್ನೂ ಜೊತೆಯಲ್ಲಿಯೇ ನೆನೆಯಬೇಕು. ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬ ಚಾಲುಕ್ಯರ ವೈಭವವನ್ನು ಬಿಟ್ಟು ಮಳೆ ಹೊಳೆಗಳ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ನಾವು ಬಾಳುತ್ತಿರುವ ನೆಲದ ಚರಿತ್ರೆಯೂ ನಮ್ಮ ಚರಿತ್ರೆಯೇ ಎಂಬುದೇ ಇದಕ್ಕೆ ಉತ್ತರ. ಆ ಚರಿತ್ರೆಯಲ್ಲಿ 1961ನೆಯ ಇಸವಿ ಜುಲೈ 12, ಬುಧವಾರ, ಮರೆಯಬಾರದ ದಿನ. ಅಂದು ಪಾನಶೇತದ ಅಣೆಕಟ್ಟು ಒಡೆದು ಪುಣೆ ನಗರದ ಅರ್ಧ ಭಾಗ ನೀರಿನ ಬಾಯಿಗೆ ಬಿದ್ದಿತು.

ಆ ಕಥೆಗೆ ಮುನ್ನ ನಮ್ಮ ದೇಹೂ ರೋಡಿನ ನೆಲೆಯನ್ನು ಒಮ್ಮೆ ನೋಡೋಣ. ಸೈನ್ಯದ ಉಗ್ರಾಣ, ರೈಲು ನಿಲ್ದಾಣ, ಹಳೆಯ ಮುಂಬಯಿ ರಸ್ತೆ, ಇವುಗಳ ಸುತ್ತ ಬೆಳೆದ ಊರು ಇದು. ಉತ್ತರಕ್ಕೆ ಇಂದ್ರಾಯಣಿ, ದಕ್ಷಿಣಕ್ಕೆ ಪವನಾ. ಎರಡು ಹೊಳೆಗಳ ನಡುವೆ ನಮ್ಮ ವಾಸ. ತುಕಾರಾಮ ಮಹಾರಾಜರ ಅಭಂಗಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದಾಗ ಹದಿಮೂರು ದಿನಗಳ ಬಳಿಕ ಅವು ನೆನೆಯದೆ ತೇಲಿ ಬಂದವೆಂದು ದೇಹೂವಿನ ಭಕ್ತರು ನಂಬುತ್ತಾರೆ. ಸಂತರಿಗೆ ಹೊಳೆ ಮಾಡಿದ ಉಪಕಾರವದು. ನಮ್ಮಂಥ ಸಂಸಾರಿಗಳಿಂದ ಹೊಳೆ ಕೊಂಡೊಯ್ದದ್ದು ಹಾಗೆ ಹಿಂದಿರುಗುವುದಿಲ್ಲ.

ಈ ಸೀಮೆಯ ಮಳೆಯ ರೀತಿ ಹೊಸಬರನ್ನು ಮೋಸಗೊಳಿಸುವಂಥದು. ಘಟ್ಟದ ನೆತ್ತಿಯ ಮೇಲಿರುವ ಲೋಣಾವಳದಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ರೈಲಿನಲ್ಲಿ ಒಂದೂವರೆ ಗಂಟೆಯ ಹಾದಿಯ ಪುಣೆ ನಗರದಲ್ಲಿ ಬೀಳುವುದು 700 ಮಿಲಿಮೀಟರ್ ಚಿಲ್ಲರೆ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ಅಂತರವನ್ನು ಅರವತ್ತೈದು ಕಿಲೋಮೀಟರಿನೊಳಗೆ ಮಡಿಸಿಟ್ಟಂತೆ. ಕಡಲಿನ ಮೋಡ ಘಟ್ಟವನ್ನು ಏರುವಾಗಲೇ ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಗುಡ್ಡ ದಾಟಿದ ಮೇಲೆ ಉಳಿಯುವುದು ತುಂತುರು. ಆದರೆ ಘಟ್ಟದಲ್ಲಿ ಬಿದ್ದ ನೀರು ಘಟ್ಟದಲ್ಲಿಯೇ ನಿಲ್ಲುವುದಿಲ್ಲ. ಅದು ಇಂದ್ರಾಯಣಿ, ಪವನಾ, ಮುಳಾ, ಮುಠಾ ಎಂಬ ಹೆಸರುಗಳಲ್ಲಿ ನಮ್ಮ ಕಡೆಗೇ ಇಳಿಯುತ್ತದೆ. ಆದುದರಿಂದ ನಮ್ಮ ಅಂಗಳದಲ್ಲಿ ಬಟ್ಟೆ ಒಣಗುವಷ್ಟು ಬಿಸಿಲಿದ್ದರೂ ಹೊಳೆ ಏರಬಹುದು. ಇಲ್ಲಿ ಆಕಾಶ ನೋಡಿ ಹೊಳೆಯನ್ನು ಅಳೆಯಲಾಗದು.

ಈ ಹೊಳೆಗಳಲ್ಲಿ ಮುಠಾ ಪುಣೆಯ ಹಳೆಯ ಪೇಟೆಗಳನ್ನು ಸವರಿಕೊಂಡು ಹರಿಯುತ್ತದೆ. ನಗರಕ್ಕೆ ಮೇಲ್ಗಡೆ ಖಡಕವಾಸಲೆಯಲ್ಲಿ ಬ್ರಿಟಿಷರು 1870ರ ದಶಕದಲ್ಲಿ ಅದಕ್ಕೊಂದು ಕಲ್ಲಿನ ಅಣೆಕಟ್ಟನ್ನು ಕಟ್ಟಿದರು. ಈ ಅಣೆಕಟ್ಟಿಗೂ ಕನ್ನಡಿಗರಿಗೂ ಒಂದು ನಂಟುಂಟು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿಯೇ ಎಂಜಿನಿಯರಿಂಗ್ ಓದಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದವರು. ನೀರು ಒಂದು ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದು, ಇಳಿದೊಡನೆ ತಾವಾಗಿಯೇ ಮುಚ್ಚುವ ಬಾಗಿಲುಗಳನ್ನು ಅವರು ರೂಪಿಸಿದರು. ಆ ಬಾಗಿಲುಗಳನ್ನು ಮೊತ್ತಮೊದಲು 1903ರಲ್ಲಿ ಅಳವಡಿಸಿದ್ದು ಈ ಖಡಕವಾಸಲೆಯಲ್ಲಿ. ಮುಂದೆ 1908ರ ಸೆಪ್ಟೆಂಬರಿನಲ್ಲಿ ಮೂಸಿ ಹೊಳೆ ಹೈದರಾಬಾದನ್ನು ಹಾಳುಗೆಡವಿದಾಗ ನಿಜಾಮ ಸರ್ಕಾರ ಸಲಹೆಗೆ ಕರೆದದ್ದೂ ಅವರನ್ನೇ. ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಯಬೇಕೆಂದು ಅವರು ಹೇಳಿದರು. ಅಣೆಕಟ್ಟೆಂದರೆ ಕೇವಲ ಗೋಡೆಯಲ್ಲ, ಅದರ ಬಾಗಿಲು ಸರಿಯಿದ್ದರೆ ಮಾತ್ರ ಅದು ಅಣೆಕಟ್ಟು ಎಂಬ ವಿವೇಕ ಅವರ ಕೆಲಸದಲ್ಲಿ ಎದ್ದು ಕಾಣುತ್ತದೆ.

ಸ್ವಾತಂತ್ರ್ಯಾನಂತರ ನಗರ ಬೆಳೆಯಿತು, ನೀರು ಸಾಲದಾಯಿತು. ಖಡಕವಾಸಲೆಗೂ ಮೇಲೆ, ಮುಠಾಕ್ಕೆ ಸೇರುವ ಅಂಬಿ ಹೊಳೆಗೆ ಪಾನಶೇತದಲ್ಲಿ ಮಣ್ಣಿನ ಕಟ್ಟೆಯೊಂದನ್ನು ಹಾಕುವ ಕೆಲಸ 1957ರಲ್ಲಿ ಆರಂಭವಾಯಿತು. 1961ರ ಮಳೆಗಾಲ ಬಂದಾಗ ಕೆಲಸ ಪೂರ್ತಿ ಮುಗಿದಿರಲಿಲ್ಲ. ಆದರೂ ಕಟ್ಟೆಯ ಹಿಂದೆ ನೀರು ತುಂಬತೊಡಗಿತು. ಕಟ್ಟೆಯ ತಳದಲ್ಲಿ ನೀರು ಹೊರಬಿಡುವ ಕೊಳವೆಗೆ ಉಕ್ಕಿನ ಸರಳುಗಳ ಬಲವಿರಲಿಲ್ಲ. ದೇಶದಲ್ಲಿ ಆಗ ಉಕ್ಕಿನ ಅಭಾವ. ಜುಲೈ ತಿಂಗಳ ಮಳೆ ಬಿಡದೆ ಹೊಡೆಯಿತು. ಕೊಳವೆಯ ಮೇಲಿನ ಮಣ್ಣು ಕುಸಿಯಿತು, ಕಟ್ಟೆಯ ನೆತ್ತಿ ತಗ್ಗತೊಡಗಿತು.

ಜುಲೈ 11ರ ರಾತ್ರಿ ಸೈನಿಕರನ್ನು ಕರೆಸಲಾಯಿತು. ಅಮಾವಾಸ್ಯೆಯ ಹಿಂದಿನ ಕತ್ತಲೆ, ಮೇಲೆ ಮಳೆ, ಕೆಳಗೆ ಜಾರುವ ಕೆಸರು. ಜವಾನರು ಮರಳಿನ ಚೀಲಗಳನ್ನು ಹೊತ್ತು ಹೊತ್ತು ಕುಸಿಯುತ್ತಿದ್ದ ಜಾಗಕ್ಕೆ ಒಟ್ಟಿದರು. ಕಟ್ಟೆಯನ್ನು ಉಳಿಸಲು ಅವರಿಂದಾಗಲಿಲ್ಲ. ಆದರೆ ಒಂದು ರಾತ್ರಿಯನ್ನು ಅವರು ಉಳಿಸಿಕೊಟ್ಟರು. ಕಟ್ಟೆ ಒಡೆದದ್ದು ಬೆಳಿಗ್ಗೆ 7 ಗಂಟೆಯ ಸುಮಾರಿಗೆ. ಅದೇ ನಡುರಾತ್ರಿ ಒಡೆದಿದ್ದರೆ ನಿದ್ದೆಯಲ್ಲಿದ್ದ ಪೇಟೆಗಳಿಗೆ ಏನಾಗುತ್ತಿತ್ತೆಂದು ಊಹಿಸಲೂ ಅಂಜಿಕೆಯಾಗುತ್ತದೆ.

ಪಾನಶೇತದಿಂದ ನುಗ್ಗಿದ ನೀರು ಖಡಕವಾಸಲೆಯ ಮೇಲೆ ಬಿದ್ದಿತು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ನಿಂತಿದ್ದ ಆ ಕಲ್ಲಿನ ಕಟ್ಟೆ ಕೆಲವು ತಾಸು ತಡೆದು ಅದೇ ದಿನ ತಾನೂ ಒಡೆಯಿತು. ನಾರಾಯಣ ಪೇಟೆ, ಶನಿವಾರ ಪೇಟೆ, ಕಸಬಾ ಪೇಟೆ, ಡೆಕ್ಕನ್ ಜಿಮಖಾನಾ, ಎಲ್ಲೆಲ್ಲಿಯೂ ನೀರು. ಲಕಡಿ ಪುಲ್ ಮುಳುಗಿತು. ಮಣ್ಣಿನ ಗೋಡೆಯ ಹಳೆಯ ವಾಡೆಗಳು ನೆನೆದು ಕುಸಿದವು. ನೀರು ಇಳಿದ ಮೇಲೆ ಉಳಿದದ್ದು ಕೆಸರು. ವಿಚಿತ್ರವೆಂದರೆ, ಮುಳುಗಿದ ನಗರಕ್ಕೆ ಮರುದಿನ ಕುಡಿಯಲು ನೀರಿರಲಿಲ್ಲ. ನಲ್ಲಿಗೆ ನೀರು ಕೊಡುತ್ತಿದ್ದ ಖಡಕವಾಸಲೆಯೇ ಬರಿದಾಗಿತ್ತು. ಜನ ಮರೆತಿದ್ದ ಹಳೆಯ ಬಾವಿಗಳನ್ನು ಹುಡುಕಬೇಕಾಯಿತು. ಆ ದಿನ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಬದುಕಿದ್ದರು. ವಯಸ್ಸು ನೂರರ ಆಸುಪಾಸು. ಮುಂದಿನ ಏಪ್ರಿಲ್ 14ರಂದು ಅವರು ತೀರಿಕೊಂಡರು.

ಸತ್ತವರೆಷ್ಟು? ಸಾವಿರವೆಂದು ಹೇಳುವವರುಂಟು, ಲೆಕ್ಕ ಒಬ್ಬೊಬ್ಬರದು ಒಂದೊಂದು ಬಗೆ. ಖಾತೆ ಪುಸ್ತಕಗಳ ನಡುವೆ ದಿನ ಕಳೆಯುವ ನಮಗೆ ಒಂದು ಮಾತು ಹೊಳೆಯುತ್ತದೆ. ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದವನು ಹೋದರೆ ಯಾವ ಲೆಕ್ಕದಲ್ಲಿಯೂ ಕಳೆಯುವುದಿಲ್ಲ. ಹೊಳೆಯ ದಂಡೆಯ ಗುಡಿಸಲಿನಲ್ಲಿ ತಂಗಿದ ಪರಊರಿನ ಕೂಲಿಯನ್ನು ಹುಡುಕಿಕೊಂಡು ಬರುವವರು ಯಾರು? ಕಡಿಮೆ ಬಾಡಿಗೆಯ ಜಾಗ ಎಲ್ಲ ಕಾಲಕ್ಕೂ ತಗ್ಗಿನ ಜಾಗವೇ. ಹೊಸದಾಗಿ ಬಂದವನಿಗೆ ಮೊದಲು ದೊರೆಯುವುದೂ ಅದೇ.

ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣರ ಸರ್ಕಾರ ಪುನರ್ವಸತಿಯ ಹೊಣೆಯನ್ನು ದಕ್ಷ ಅಧಿಕಾರಿಗಳಾದ ಎಸ್. ಜಿ. ಬರ್ವೆಯವರಿಗೆ ಒಪ್ಪಿಸಿತು. ಗೋಖಲೆನಗರ, ಸಹಕಾರನಗರಗಳಂಥ ಬಡಾವಣೆಗಳು ನಿರಾಶ್ರಿತರ ನೆಲೆಗಳಾಗಿ ಬೆಳೆದವು. ವಿಚಾರಣಾ ಆಯೋಗ ಕುಳಿತಿತು. ಅದರ ಮೊದಲ ಅಧ್ಯಕ್ಷರು ನಡುವೆಯೇ ನಿಧನರಾಗಿ, ನ್ಯಾಯಮೂರ್ತಿ ವಿ. ಎ. ನಾಯಕರು ಕೆಲಸವನ್ನು ಮುಗಿಸಿದರು. ಖಡಕವಾಸಲೆಯನ್ನೂ ಪಾನಶೇತವನ್ನೂ ಮತ್ತೆ ಕಟ್ಟಿದರು. ಪಾನಶೇತದ ಜಲಾಶಯಕ್ಕೆ ಇಂದು ತಾನಾಜಿಸಾಗರವೆಂದು ಹೆಸರು.

ಇದು ಹಳೆಯ ಕಥೆಯಾಯಿತು, ಈಗ ಯಂತ್ರಗಳು ಬಂದಿವೆ, ಮುನ್ಸೂಚನೆ ಕೈಯಲ್ಲಿನ ಫೋನಿಗೇ ಬರುತ್ತದೆ ಎನ್ನಬಹುದು. ಅಣೆಕಟ್ಟುಗಳ ಸುರಕ್ಷತೆಗೆ 2021ರಲ್ಲಿ ಕಾಯಿದೆಯೂ ಬಂದಿದೆ. ಆದರೂ 2024ರ ಜುಲೈ 25ರ ನಸುಕಿನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯವರು ಎಚ್ಚರಗೊಂಡಾಗ ನೀರು ಮನೆಯೊಳಗಿತ್ತು. ಖಡಕವಾಸಲೆಯಿಂದ ಬಿಟ್ಟ ನೀರಿನ ಸುದ್ದಿ ತಮಗೆ ಸಕಾಲದಲ್ಲಿ ತಲುಪಲಿಲ್ಲವೆಂದು ಅಲ್ಲಿಯವರು ದೂರಿದರು. ಅದೇ ದಿನ ಡೆಕ್ಕನ್ ಭಾಗದಲ್ಲಿ, ನೀರಿನಿಂದ ತಮ್ಮ ಕೈಗಾಡಿಯನ್ನು ಉಳಿಸಹೊರಟ ಮೂವರು ವಿದ್ಯುತ್ ತಗಲಿ ಮೃತರಾದರು. ನಮ್ಮ ಮಗ್ಗುಲಲ್ಲೇ ಆದದ್ದನ್ನಂತೂ ಮರೆಯುವಂತಿಲ್ಲ. 2025ರ ಜೂನ್ 15ರ ಭಾನುವಾರ ಕುಂಡಮಳಾದಲ್ಲಿ ಇಂದ್ರಾಯಣಿಯ ಹಳೆಯ ಕಬ್ಬಿಣದ ಸೇತುವೆ ಜನರ ಭಾರಕ್ಕೆ ಮುರಿದು ನಾಲ್ವರು ಜೀವ ತೆತ್ತರು. ಐವತ್ತರಷ್ಟು ಮಂದಿಗೆ ಗಾಯಗಳಾದವು. ಅವರು ನೆರೆಗೆ ಸಿಕ್ಕಿದವರಲ್ಲ, ತುಂಬಿದ ಹೊಳೆಯ ಅಂದವನ್ನು ನೋಡಹೋದವರು.

1961ರಲ್ಲಿ ಜವಾನರು ಗಳಿಸಿಕೊಟ್ಟದ್ದು ಕೆಲವು ತಾಸುಗಳ ಅವಕಾಶ. ನೀರು ಬರುವ ಮೊದಲು ಸುದ್ದಿ ಬರಬೇಕು. ಸುದ್ದಿ ಬಂದಾಗ ನಂಬಬೇಕು. ನಂಬಿದೊಡನೆ ಕಾಲು ಕೀಳಬೇಕು. ನಮ್ಮವರಿಗೆ ಮೊದಲನೆಯ ಮೆಟ್ಟಿಲಿನಲ್ಲಿಯೇ ತೊಡಕುಂಟು, ಅದು ಭಾಷೆಯದು. ಮಳೆಗಾಲದ ಮರಾಠಿ ಸುದ್ದಿಯಲ್ಲಿ ‘ಧರಣಾತೂನ ವಿಸರ್ಗ’ ಎಂದು ಬರುತ್ತದೆ. ನಮಗೆ ವಿಸರ್ಗವೆಂದರೆ ಅಕ್ಷರದ ಮುಂದಿನ ಎರಡು ಸೊನ್ನೆ. ಇಲ್ಲಿ ಅದರ ಅರ್ಥ ಅಣೆಕಟ್ಟಿನಿಂದ ಬಿಡುವ ನೀರು. ‘ಇಶಾರಾ’ ಎಂದರೆ ಕಣ್ಸನ್ನೆಯಲ್ಲ, ಅಪಾಯದ ಎಚ್ಚರಿಕೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರು, ಹೆಚ್ಚುಕಡಿಮೆ ಎರಡು ಕೊಡ. 2024ರ ಆ ದಿನ ಖಡಕವಾಸಲೆಯಿಂದ ಬಿಟ್ಟದ್ದು 35,000 ಕ್ಯುಸೆಕ್ಕಿನಷ್ಟು. ಕಣ್ಣೆವೆ ಮಿಟುಕಿಸುವುದರೊಳಗೆ ಎಪ್ಪತ್ತು ಸಾವಿರ ಕೊಡಗಳು. ಹವಾಮಾನ ಇಲಾಖೆಯ ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕಾರ್ಯಕ್ಕಿಳಿಯಿರಿ.

ಸಿದ್ಧತೆ ದೊಡ್ಡದೇನಲ್ಲ. ಪಾಸ್ ಬುಕ್ಕು, ಠೇವಣಿಯ ರಸೀದಿ, ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ, ಇವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಕಡೆ ಎತ್ತರದಲ್ಲಿಟ್ಟಿರಬೇಕು. ನೀರು ಹೊಸ್ತಿಲಿಗೆ ಬರುವ ಮುನ್ನ ವಿದ್ಯುತ್ತಿನ ಮೈನ್ ಸ್ವಿಚ್ಚನ್ನು ಆರಿಸಬೇಕು. ನೀರು ಬಂದ ಮೇಲೆ ಅದನ್ನು ಮುಟ್ಟಬಾರದು. ಹರಿಯುವ ನೀರು ಅರ್ಧ ಅಡಿಯಿದ್ದರೂ ಆಳನ್ನು ಕೆಡವಬಲ್ಲದು, ಎರಡು ಅಡಿಯಿದ್ದರೆ ಮೋಟಾರನ್ನೇ ಕೊಂಡೊಯ್ಯಬಲ್ಲದು. ಆದ್ದರಿಂದ ಮುಳುಗಿದ ಸೇತುವೆಯ ಮೇಲೆ ಧೈರ್ಯ ತೋರುವುದು ಧೈರ್ಯವಲ್ಲ. ನೆರೆ ಇಳಿದ ಮೇಲೆ ಕೆಲವು ದಿನ ನೀರನ್ನು ಕುದಿಸಿಯೇ ಕುಡಿಯಬೇಕು. ಆಪತ್ತಿಗೆ ಕರೆಯಲು 112, ಜಿಲ್ಲೆಯ ವಿಪತ್ತು ಕೊಠಡಿಗೆ 1077. ಈ ಎರಡು ಸಂಖ್ಯೆಗಳು ಮನೆಯ ಮಕ್ಕಳಿಗೂ ಬಾಯಿಪಾಠವಿರಲಿ.

ಇನ್ನು ಸಂಘದ ಕೆಲಸ. ಪವನೆಯ ದಂಡೆಯ ಶೆಡ್ಡುಗಳಲ್ಲಿ, ಕಟ್ಟಡ ಕೆಲಸದ ತಾಣಗಳಲ್ಲಿ ವಿಜಾಪುರ, ಕಲಬುರಗಿ, ಯಾದಗಿರಿಗಳ ಕಡೆಯ ಎಷ್ಟೋ ಸಂಸಾರಗಳಿವೆ. ಅವರು ನಮ್ಮ ನಾಟಕಕ್ಕೂ ಭಾಷಣಕ್ಕೂ ಬಂದವರಲ್ಲ. ಈ ಸಂಚಿಕೆಯೂ ಅವರ ಕೈಗೆ ತಲುಪಲಾರದು. ಕೆಂಪು ಸೂಚನೆ ಬಂದ ದಿನ ನಮ್ಮಲ್ಲೊಬ್ಬರು ಅಲ್ಲಿಗೆ ಹೋಗಿ, “ಅಕ್ಕಾ, ಇವತ್ತ ರಾತ್ರಿ ಇಲ್ಲಿ ಮಲಗಬ್ಯಾಡ್ರಿ, ಹೊಳಿ ಬರತೈತಿ” ಎಂದು ಕನ್ನಡದಲ್ಲಿ ಹೇಳಿದರೆ ಅದು ಹತ್ತು ಭಾಷಣಗಳಿಗಿಂತ ಮಿಗಿಲಾದ ನುಡಿಸೇವೆ. ಯಾವ ಓಣಿಗೆ ಯಾರು ಹೋಗಬೇಕು, ಯಾರ ಮೇಲ್ಮಹಡಿಯಲ್ಲಿ ಎಷ್ಟು ಮಂದಿಗೆ ಜಾಗವುಂಟು ಎಂಬ ಪಟ್ಟಿಯನ್ನು ಮೃಗಶಿರಾ ಮಳೆಗೆ ಮೊದಲೇ ಬರೆದಿಡೋಣ.

ಮತ್ತೊಂದು ಮಾತು. ಇಂದ್ರಾಯಣಿಯೂ, ಪವನೆಯನ್ನು ಒಳಗೊಂಡ ಮುಳಾ ಮುಠಾವೂ ಕೊನೆಗೆ ಸೇರುವುದು ಭೀಮೆಯನ್ನು. ಭೀಮೆ ಉಜನಿ ಜಲಾಶಯವನ್ನು ಹಾದು, ಪಂಢರಪುರವನ್ನು ಕಂಡು, ಅಫಜಲಪುರದ ಸೀಮೆಗೆ, ಗಾಣಗಾಪುರದ ಸಂಗಮಕ್ಕೆ ಬರುತ್ತದೆ. ರಾಯಚೂರಿನ ಎಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ವಿಜಾಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಳ್ಳಿಗಳನ್ನು ನುಂಗಿದ್ದು ನಮ್ಮಲ್ಲಿ ಹಲವರ ಮನೆಯ ಕಥೆ. ನಾವು ಊರಿಗೆ ಕಳುಹಿಸುವ ಹಣ ಒಂದು ದಾರಿಯಲ್ಲಿ ಹೋದರೆ, ನಮ್ಮ ಬಾಗಿಲ ಮುಂದಿನ ನೀರು ಇನ್ನೊಂದು ದಾರಿಯಲ್ಲಿ ಅದೇ ಊರಿಗೆ ಹೋಗುತ್ತಿರುತ್ತದೆ. ಉಜನಿ ತುಂಬಿತೆಂದು ಇಲ್ಲಿ ಕೇಳಿದೊಡನೆ ಅಲ್ಲಿಯ ತಂದೆತಾಯಂದಿರಿಗೆ, ಅಣ್ಣತಮ್ಮಂದಿರಿಗೆ ಒಂದು ಫೋನು ಮಾಡುವುದು ನಮ್ಮ ಕರ್ತವ್ಯ. ನೀರಿಗಿಂತ ಮೊದಲು ಮಾತು ತಲುಪಲಿ.

1956ರ ನವೆಂಬರ್ 1ರಂದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದವು. ಆ ಸೀಮೆಗಳಿಂದ ಹೊರಟು ಬಂದ ನಾವು ಇಲ್ಲಿ ಒಬ್ಬರಿಗೊಬ್ಬರು ಒಳ್ಳೆಯ ನೆರೆಯವರಾದರೆ, ಹೊಳೆಯ ನೆರೆ ಬಂದ ದಿನ ನಮ್ಮ ಲೆಕ್ಕದಿಂದ ಯಾರೊಬ್ಬರೂ ತಪ್ಪಿಹೋಗಲಾರರು.