ನೈಲ್ ನದಿಯ ಹಾಯಿದೋಣಿ

ಪ್ರಾಚೀನ ಈಜಿಪ್ತ ದೇಶದ ಚಿತ್ರಲಿಪಿಯಲ್ಲಿ ದಕ್ಷಿಣದ ಪ್ರಯಾಣವನ್ನು ಸೂಚಿಸಲು ಹಾಯಿಯೇರಿಸಿದ ದೋಣಿಯನ್ನೂ, ಉತ್ತರದ ಪ್ರಯಾಣವನ್ನು ಸೂಚಿಸಲು ಹಾಯಿಯಿಳಿಸಿದ ದೋಣಿಯನ್ನೂ ಬರೆಯುತ್ತಿದ್ದರು. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ನೈಲ್ ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುವುದು. ಗಾಳಿಯಾದರೋ ಬಹುಮಟ್ಟಿಗೆ ಉತ್ತರದಿಂದಲೇ ಬೀಸುವುದು. ಏರುವ ನಾವೆಗೆ ಗಾಳಿಯೂ, ಇಳಿಯುವ ನಾವೆಗೆ ಪ್ರವಾಹವೂ ಸಹಾಯಕ. ಸಹಸ್ರಾರು ವರ್ಷ ನಡೆದುಬಂದ ಈ ನೌಕಾಸಂಚಾರವನ್ನು ಅದರ ಇಳಿಗಾಲದಲ್ಲಿ ಕಂಡು ಜಲವರ್ಣದಲ್ಲಿ ಬರೆದಿಟ್ಟವರಲ್ಲಿ ಆಂಗ್ಲ ಚಿತ್ರಕಾರನಾದ ಎಡ್ವರ್ಡ್ ಲಿಯರನು ಒಬ್ಬನು.

1812ರಲ್ಲಿ ಹುಟ್ಟಿ 1888ರಲ್ಲಿ ತೀರಿಕೊಂಡ ಈತನನ್ನು ಲೋಕವು ಮಕ್ಕಳ ವಿನೋದಪದ್ಯಗಳ ಕವಿಯೆಂದೇ ಹೆಚ್ಚಾಗಿ ಬಲ್ಲದು. ಆದರೆ ಆತನ ಜೀವನೋಪಾಯವು ಪ್ರಕೃತಿದೃಶ್ಯಗಳ ಚಿತ್ರಣವಾಗಿದ್ದಿತು. 1846ರಲ್ಲಿ ವಿಕ್ಟೋರಿಯಾ ರಾಣಿಗೆ ಚಿತ್ರಲೇಖನವನ್ನು ಕಲಿಸಿದ ಈತನು, 1873ರಿಂದ 1875ರ ವರೆಗೆ ಭರತಖಂಡದಲ್ಲಿಯೂ ಸಂಚರಿಸಿದನು. ಅದಕ್ಕೆ ಮೊದಲೇ, 1854ರಲ್ಲಿಯೂ 1867ರಲ್ಲಿಯೂ, ನೈಲ್ ನದಿಯನ್ನೇರಿ ಹೋಗಿದ್ದನು.

ಅಲ್ಲಿನ ಪ್ರವಾಸಿಕರ ನಾವೆಗೆ 'ದಹಬಿಯ' ಎಂದು ಹೆಸರು. ಅರಬ್ಬಿಯಲ್ಲಿ ಸುವರ್ಣವಾಚಕವಾದ ಶಬ್ದದಿಂದ ಬಂದುದು. ತಳವು ಚಪ್ಪಟೆ, ಹಿಂಭಾಗದಲ್ಲಿ ಕೊಠಡಿಗಳು, ಮುಂಭಾಗದ ಗಿಡ್ಡ ಕೂವೆಮರಕ್ಕೆ ಓರೆಯಾಗಿ ಕಟ್ಟಿದ ಅತಿ ಉದ್ದವಾದ ಅಡ್ಡಮರ, ಅದರಿಂದ ಇಳಿಬಿದ್ದ ತ್ರಿಕೋನಾಕಾರದ ಹಾಯಿ. ಗಾಳಿ ನಿಂತರೆ ನಾವಿಕರು ದಡಕ್ಕಿಳಿದು ಹಗ್ಗದಿಂದ ದೋಣಿಯನ್ನೆಳೆಯುವರು. ಮರಳುವಾಗ ದೊಡ್ಡ ಹಾಯಿಯನ್ನು ತೆಗೆದು ಹುಟ್ಟುಹಾಕುವರು.

ಲಿಯರನ ಕ್ರಮವು ವಿಲಕ್ಷಣವಾದುದು. ಸೀಸದಕಡ್ಡಿಯಿಂದ ದೃಶ್ಯವನ್ನು ಬೇಗನೆ ಗುರುತುಮಾಡಿಕೊಂಡು, ಅಂಚಿನಲ್ಲಿ ಸ್ಥಳ, ದಿನ, ಎಷ್ಟೋ ವೇಳೆ ಗಂಟೆ ನಿಮಿಷಗಳನ್ನೂ ಬರೆಯುವನು. ಎಲ್ಲಿ ಯಾವ ಬಣ್ಣವೆಂಬುದನ್ನು ಚಿತ್ರದ ಮೇಲೆಯೇ ಅಕ್ಷರಗಳಲ್ಲಿ ಸೂಚಿಸುವನು. ಬಳಿಕ ಬಿಡುವಿನಲ್ಲಿ ಆ ರೇಖೆಗಳನ್ನು ಮಸಿಯಿಂದ ತಿದ್ದಿ, ತೆಳುವಾಗಿ ಬಣ್ಣ ಲೇಪಿಸುವನು. ಇವು ಮಾರುವ ಚಿತ್ರಗಳಲ್ಲ. ಮಾರಬೇಕಾದ ದೊಡ್ಡ ಚಿತ್ರಗಳಿಗೆ ಸಾಮಗ್ರಿ ಮಾತ್ರ.

ಆದರೆ ಕಾಲವು ಈ ಸಾಮಗ್ರಿಗೇ ಹೆಚ್ಚಿನ ಬೆಲೆಯನ್ನು ಕಟ್ಟಿತು. ಲಿಯರನ ಎರಡನೆಯ ಯಾತ್ರೆಯ ಬಳಿಕ ಕೆಲವೇ ವರ್ಷಗಳಲ್ಲಿ ಹೊಗೆಹಡಗುಗಳು ಪ್ರವಾಸಿಕರನ್ನು ಸೆಳೆದುಕೊಂಡವು. 1902ರಲ್ಲಿ ಆಸ್ವಾನಿನ ಮೊದಲನೆಯ ಅಣೆಕಟ್ಟು ಮುಗಿಯಲು, ಫಿಲೆ ದ್ವೀಪದ ದೇವಾಲಯವು ವರ್ಷದಲ್ಲಿ ಹಲವು ತಿಂಗಳು ನೀರಿನಲ್ಲಿ ನಿಂತಿತು. 1970ರಲ್ಲಿ ಮಹಾ ಅಣೆಕಟ್ಟು ಪೂರ್ಣವಾಯಿತು. ನೂಬಿಯ ಪ್ರಾಂತದ ಕಣಿವೆಯು ಮುಳುಗಿ, ಸುಮಾರು 1 ಲಕ್ಷ ಜನರು ತೌರುನೆಲವನ್ನು ತೊರೆಯಬೇಕಾಯಿತು. ಅಬು ಸಿಂಬೆಲಿನ ಗುಹಾಲಯಗಳನ್ನು 1964ರಿಂದ 1968ರ ವರೆಗೆ ಕತ್ತರಿಸಿ ಎತ್ತರದಲ್ಲಿ ಮರಳಿ ಕಟ್ಟಿದರು. ಫಿಲೆಯ ದೇವಾಲಯವೂ ನೆರೆಯ ದ್ವೀಪಕ್ಕೆ ಸಾಗಿ, 1980ರಲ್ಲಿ ಪುನಃ ತೆರೆಯಿತು.

ಕಲ್ಲನ್ನು ಸಾಗಿಸಬಹುದು, ದಡವನ್ನು ಸಾಗಿಸಲಾಗದು. ಖರ್ಜೂರದ ತೋಪು, ಮಣ್ಣಿನ ಗೋಡೆಯ ಹಳ್ಳಿ, ನದಿಯ ತಿರುವು ಇವುಗಳಿಗೆ ಬೇರೆ ಎಡೆ ದೊರೆಯಲಿಲ್ಲ. ಲಿಯರನು ಇತಿಹಾಸವನ್ನು ಬರೆಯಬೇಕೆಂದು ಕುಂಚ ಹಿಡಿದವನಲ್ಲ. ಆದರೂ ತನ್ನ ನೆನಪಿಗಾಗಿ ಅಂಚಿನಲ್ಲಿ ಗೀಚಿದ ದಿನವೂ ಗಂಟೆಯೂ ಇಂದು ಸಾಕ್ಷಿಯಾಗಿ ನಿಂತಿವೆ: ಇಂಥ ಮುಂಜಾನೆ, ಈ ದಡದ ಪಕ್ಕದಲ್ಲಿ, ಈ ಬೆಳಕಿನಲ್ಲಿ, ಹಾಯಿ ಬಿಚ್ಚಿದ ದೋಣಿಯೊಂದು ದಕ್ಷಿಣಕ್ಕೆ ಸಾಗುತ್ತಿದ್ದಿತೆಂದು.