ಗ್ಯಾರೇಜ್ ಸೇಲ್

ಮನೆಯಲ್ಲಿ ಬಳಸಿ ಸಾಕಾದ, ಆದರೆ ಇನ್ನೂ ಕೆಲಸಕ್ಕೆ ಬರುವ ಸಾಮಾನುಗಳನ್ನು ಮನೆಯವರೇ ಕಾರು ನಿಲ್ಲಿಸುವ ಗ್ಯಾರೇಜಿನಲ್ಲೋ ಅಂಗಳದಲ್ಲೋ ಹರಡಿಟ್ಟು, ಒಂದೆರಡು ದಿನದ ಮಟ್ಟಿಗೆ ಮಾರುವ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಗಳಲ್ಲಿ ವಸಂತದಿಂದ ಶರತ್ಕಾಲದವರೆಗೆ ವಾರಾಂತ್ಯಗಳಲ್ಲಿ ಎಲ್ಲೆಡೆ ಕಾಣುತ್ತದೆ. ಅಂಗಳದಲ್ಲಿ ನಡೆದರೆ ಯಾರ್ಡ್ ಸೇಲ್, ಊರು ಬಿಡುವವರದು ಮೂವಿಂಗ್ ಸೇಲ್, ತೀರಿಕೊಂಡವರ ಮನೆಯ ಸಾಮಾನನ್ನೆಲ್ಲ ಒಟ್ಟಿಗೆ ಮಾರಿದರೆ ಎಸ್ಟೇಟ್ ಸೇಲ್. ಕನೆಕ್ಟಿಕಟ್ ಮತ್ತು ಅದರ ಆಸುಪಾಸಿನಲ್ಲಿ ಟ್ಯಾಗ್ ಸೇಲ್ ಎನ್ನುತ್ತಾರೆ, ಅಂದರೆ ಬೆಲೆಚೀಟಿಯ ಮಾರಾಟ. ಇರುವ ಹೆಸರುಗಳಲ್ಲಿ ಇದೇ ಹೆಚ್ಚು ಸರಿ. ಸಾಮಾನು ಹೊರಗಿಡುವುದಕ್ಕೆ ಒಂದು ಬೆಳಗಿನ ಜಾವ ಸಾಕು. ಚೀಟಿಯ ಮೇಲೆ ಏನು ಬರೆಯಬೇಕೆಂದು ತೀರ್ಮಾನಿಸುವುದಕ್ಕೆ ವಾರ ಹಿಡಿಯುತ್ತದೆ.

ಹಿನ್ನೆಲೆ

ಇದರ ಹಿರಿಯ ರೂಪ ರಮೇಜ್ ಸೇಲ್. ಹಡಗಿನ ಒಡಲಲ್ಲಿ ಸರಕು ಜೋಡಿಸುವುದಕ್ಕಿದ್ದ ಫ್ರೆಂಚ್ ಮೂಲದ ಪದವಿದು. ಬಂದರಿನಲ್ಲಿ ವಾರಸುದಾರರಿಲ್ಲದೆ ಉಳಿದ ಸರಕನ್ನು ಮಾರುವುದಕ್ಕೂ ಅದೇ ಹೆಸರು ಬಂತು. 19ನೆಯ ಶತಮಾನದ ಕೊನೆಯ ವೇಳೆಗೆ ಚರ್ಚುಗಳು ಮನೆಮನೆಯಿಂದ ಹಳೆಯ ಸಾಮಾನು ಕೂಡಿಸಿ, ಮಾರಿ, ಬಂದ ಹಣವನ್ನು ಧರ್ಮಕಾರ್ಯಕ್ಕೆ ಬಳಸುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ ನಗರಗಳ ಹೊರಗೆ ಬಡಾವಣೆಗಳು ಎದ್ದವು: ಮನೆಗೊಂದು ಕಾರು, ಕಾರಿಗೊಂದು ಗ್ಯಾರೇಜು, ಕ್ರಮೇಣ ಆ ಗ್ಯಾರೇಜಿನಲ್ಲಿ ಕಾರಿಗೇ ಜಾಗವಿಲ್ಲದಷ್ಟು ಸಾಮಾನು. ಆಗ ಮಾರಾಟ ಚರ್ಚಿನ ಸಭಾಂಗಣದಿಂದ ಮನೆಬಾಗಿಲಿಗೆ ಬಂತು, ದುಡ್ಡು ಮನೆಯವರ ಕಿಸೆಗೆ ಹೋಯಿತು.

1987ರಲ್ಲಿ ಟೆನೆಸಿಯ ಫೆಂಟ್ರೆಸ್ ಕೌಂಟಿಯ ಆಡಳಿತ ಮುಖ್ಯಸ್ಥ ಮೈಕ್ ವಾಕರ್, ಅತಿವೇಗದ ಹೆದ್ದಾರಿಗಳಲ್ಲಿ ಹಾದುಹೋಗುವ ಪ್ರವಾಸಿಗರನ್ನು ಸಣ್ಣ ಊರುಗಳತ್ತ ಸೆಳೆಯಲು 127ನೆಯ ಹೆದ್ದಾರಿಯ ಅಂಚಿನಲ್ಲಿ ಯಾರ್ಡ್ ಸೇಲ್ ಒಂದನ್ನು ಆರಂಭಿಸಿದರು. ಈಗ ಅದು ಮಿಷಿಗನ್ನಿನ ಆಡಿಸನ್‌ನಿಂದ ಅಲಬಾಮದ ಗ್ಯಾಡ್ಸ್‌ಡೆನ್‌ವರೆಗೆ ಆರು ರಾಜ್ಯಗಳಲ್ಲಿ ಸುಮಾರು 690 ಮೈಲಿ ಚಾಚಿಕೊಂಡಿದೆ. ಪ್ರತಿ ಆಗಸ್ಟಿನ ಮೊದಲ ಗುರುವಾರ ಶುರುವಾಗಿ ಭಾನುವಾರ ಮುಗಿಯುತ್ತದೆ.

ಬೆಲೆ ಕಟ್ಟುವ ಬಗೆ

ಒಂದೊಂದು ವಸ್ತುವಿಗೂ ಮೂರು ಬೆಲೆಗಳಿರುತ್ತವೆ: ಕೊಂಡಾಗ ತೆತ್ತದ್ದು, ಮನಸ್ಸಿನಲ್ಲಿ ಇರುವುದು, ಬೆಳಗಿನ ಏಳು ಗಂಟೆಗೆ ಅಂಗಳದಲ್ಲಿ ನಿಂತವನು ಕಿಸೆಯಿಂದ ತೆಗೆಯುವುದು. ಮೊದಲ ಸಲ ಮಾರುವವರು ಮೊದಲನೆಯದರಿಂದ ಲೆಕ್ಕ ಹಾಕಿ, ಎರಡನೆಯದನ್ನು ಅದಕ್ಕೆ ಸೇರಿಸಿ, ಸಂಜೆ ಸಾಮಾನನ್ನು ಮತ್ತೆ ಒಳಗೆ ಹೊರುತ್ತಾರೆ. ಇಲ್ಲಿ ನಡೆಯುವುದು ಮೂರನೆಯದು ಮಾತ್ರ. ಮದುವೆಯಲ್ಲಿ ಬಂದ ಪಿಂಗಾಣಿ ತಟ್ಟೆಗಳ ಸೆಟ್ಟಿಗೆ 120 ಡಾಲರ್ ಆಗಿತ್ತು, ಪೆಟ್ಟಿಗೆಯೂ ಬಿಚ್ಚಿಲ್ಲ ಎಂದು 60 ಬರೆದರೆ, ಜನ ಒಂದು ತಟ್ಟೆ ಎತ್ತಿ, ಮಗುಚಿ ನೋಡಿ, ಮೆಲ್ಲಗೆ ಇಟ್ಟು ಮುಂದೆ ಹೋಗುತ್ತಾರೆ. 20 ಬರೆದರೆ ಯಾರೋ ಒಬ್ಬರು 15ಕ್ಕೆ ಕೇಳುತ್ತಾರೆ.

ರೂಢಿಯ ಅಳತೆ ಹೀಗಿದೆ. ಚೆನ್ನಾಗಿ ನಡೆಯುವ ಸಾಮಾನಿಗೆ ಹೊಸದರ ಬೆಲೆಯ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ. ಗಟ್ಟಿ ಮರದ ಮೇಜು, ಕುರ್ಚಿ, ಕೈ ಉಪಕರಣಗಳು ಮೇಲಿನ ತುದಿಯಲ್ಲಿ ನಿಲ್ಲುತ್ತವೆ. ಬಟ್ಟೆ ಎಷ್ಟು ಬೆಲೆಬಾಳಿದ್ದರೂ ಕೆಳಗಿನ ತುದಿಗೆ ಇಳಿಯುತ್ತದೆ: ಬಹುಪಾಲು ಒಂದರಿಂದ ಐದು ಡಾಲರ್, ಮಕ್ಕಳದಾದರೆ ಇನ್ನೂ ಕಡಿಮೆ. ರಟ್ಟಿಲ್ಲದ ಪುಸ್ತಕಕ್ಕೆ 25 ಸೆಂಟಿನಿಂದ ಒಂದು ಡಾಲರ್. ಬೆಲೆಗಳನ್ನೆಲ್ಲ 25 ಸೆಂಟಿನ ಗುಣಕಗಳಲ್ಲೇ ಇಟ್ಟರೆ ಚಿಲ್ಲರೆಗೆ ಒಂದೇ ಬಗೆಯ ನಾಣ್ಯ ಸಾಕು. 99 ಸೆಂಟಿನ ಚಮತ್ಕಾರ ಅಂಗಡಿಗೇ ಸರಿ, ಅಂಗಳಕ್ಕಲ್ಲ. ಚೌಕಾಸಿ ಖಂಡಿತ ನಡೆಯುವುದರಿಂದ ಎಂಟು ಬರಬೇಕಾದಲ್ಲಿ ಹತ್ತು ಬರೆಯಬಹುದು. ಹದಿನೈದು ಬರೆದರೆ ಚೌಕಾಸಿಯೇ ಶುರುವಾಗುವುದಿಲ್ಲ.

ಚೀಟಿ ಇಲ್ಲದ ವಸ್ತು ಹೆಚ್ಚಾಗಿ ಮಾರಾಟವಾಗದ ವಸ್ತು. ಬೆಲೆ ಕೇಳಲು ಸಂಕೋಚಪಡುವವರೇ ಹೆಚ್ಚು; ಕೇಳಿದ ಮೇಲೆ ಕೊಳ್ಳದೆ ಹೋಗುವುದು ಇನ್ನೂ ಮುಜುಗರ. ಗೋಡೆಗೆ ಬಣ್ಣ ಬಳಿಯುವಾಗ ಹಚ್ಚುವ ನೀಲಿ ಟೇಪು ಚೀಟಿಗೆ ಒಳ್ಳೆಯದು: ಮೇಲೆ ಮಾರ್ಕರಿನಿಂದ ಬರೆಯಬಹುದು, ಕಿತ್ತರೆ ಅಂಟು ಉಳಿಯುವುದಿಲ್ಲ. ಅದನ್ನೂ ಪುಸ್ತಕದ ಮೇಲುಹೊದಿಕೆಗೆ ಹಚ್ಚಬಾರದು, ಕಾಗದವೇ ಸುಲಿದು ಬರುತ್ತದೆ. ಒಳಪುಟದ ಮೂಲೆಯಲ್ಲಿ ಪೆನ್ಸಿಲ್ ಸಾಕು. ಚಮಚ, ಆಟಿಕೆ, ಕೇಬಲ್ಲುಗಳಂಥ ಪುಡಿ ಸಾಮಾನಿಗೆ ಒಂದೊಂದು ಚೀಟಿ ಬರೆಯುವುದು ವ್ಯರ್ಥ. ಡಬ್ಬಕ್ಕೆ ತುಂಬಿ, ಯಾವುದಾದರೂ 50 ಸೆಂಟ್ ಎಂದು ಬರೆದಿಟ್ಟರೆ ಮಕ್ಕಳೇ ಖಾಲಿ ಮಾಡುತ್ತಾರೆ.

ಬೆಲೆ ಇಡೀ ದಿನ ಒಂದೇ ಇರುವುದಿಲ್ಲ. ಹೇಳಿದ ಹೊತ್ತಿಗೂ ಅರ್ಧ ಗಂಟೆ ಮುಂಚೆ ಟಾರ್ಚು ಹಿಡಿದು ಬರುವವರು ಹಲವು ಸಲ ಹಳೆಯ ಸಾಮಾನಿನ ವ್ಯಾಪಾರಿಗಳು. ಅವರಿಗೆ ಅವಸರ, ಒಳ್ಳೆಯದು ಬೇರೆಯವರ ಪಾಲಾಗಬಾರದು. ಮೊದಲ ಗಂಟೆಯಲ್ಲಿ ಬೆಲೆ ಇಳಿಸುವುದು ದಡ್ಡತನ. ಬಿಸಿಲೇರಿದ ಮೇಲೆ ಇಳಿಸದಿರುವುದೂ ಅಷ್ಟೇ ದಡ್ಡತನ. ಕೊನೆಯ ಒಂದೆರಡು ತಾಸು ಎಲ್ಲ ಅರ್ಧ ಬೆಲೆ ಎಂದೋ, ಒಂದು ಚೀಲ ತುಂಬಿದರೆ ಇಷ್ಟು ಎಂದೋ ಮಾರಿ, ಉಳಿದದ್ದನ್ನು ಗುಡ್‌ವಿಲ್, ಸಾಲ್ವೇಶನ್ ಆರ್ಮಿಯಂಥ ಸಂಸ್ಥೆಗಳಿಗೆ ಕೊಡುವುದು ವಾಡಿಕೆ.

ಮಾರುವವರು ಕೆಲವೊಮ್ಮೆ ತಾವಾಗಿಯೇ ಸೋಲುತ್ತಾರೆ. ಈ ಮಾರಾಟಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಗ್ರೆಚನ್ ಹರ್ಮನ್, ಇಲ್ಲಿ ಕೈ ಬದಲಾಗುವುದು ಸರಕೋ ಉಡುಗೊರೆಯೋ ಎಂಬ ಪ್ರಶ್ನೆಯನ್ನೇ 1997ರ ತಮ್ಮ ಲೇಖನವೊಂದರ ವಿಷಯ ಮಾಡಿಕೊಂಡರು. ತೊಟ್ಟಿಲಿಗೆ ಚೌಕಾಸಿ ಮಾಡುವವಳು ಬಸುರಿ ಎಂದು ಕಂಡರೆ, ಬರೆದ ಬೆಲೆ ಎಷ್ಟಿದ್ದರೇನು, ಬಾಯಿಂದ ಬೇರೆ ಅಂಕಿ ಬಂದುಬಿಡುತ್ತದೆ.

ಇದಕ್ಕೆ ವಿರುದ್ಧವಾದ ಸೋಲು ಇನ್ನೊಂದಿದೆ. ನ್ಯೂಯಾರ್ಕ್ ರಾಜ್ಯದ ಕುಟುಂಬವೊಂದು 2007ರಲ್ಲಿ ಇಂಥ ಮಾರಾಟದಲ್ಲಿ ಮೂರು ಡಾಲರಿಗೆ ಕೊಂಡ ಬಿಳಿಯ ಬಟ್ಟಲು ಚೀನದ ಸಾಂಗ್ ವಂಶದ ಕಾಲದ್ದೆಂದು ತಿಳಿದು, 2013ರಲ್ಲಿ ಸೋದಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೂ ಮೇಲೆ ಹೋಯಿತು. ಕನೆಕ್ಟಿಕಟ್‌ನಲ್ಲಿ 35 ಡಾಲರಿಗೆ ಸಿಕ್ಕ ಮಿಂಗ್ ಕಾಲದ ಬಟ್ಟಲಿಗೆ 2021ರಲ್ಲಿ 7,21,800 ಡಾಲರ್ ಬಂತು. ಇಂಥ ಸುದ್ದಿ ಓದಿದವರು ಅಜ್ಜಿಯ ಬಿರುಕು ಬಿಟ್ಟ ಹೂಜಿಗೂ 200 ಬರೆಯುವುದುಂಟು. ಆದರೂ ಬೆಳ್ಳಿ, ಒಡವೆ, ಕೈಗಡಿಯಾರ, ಹಳೆಯ ಪಿಂಗಾಣಿಗಳನ್ನು ಮೊದಲೇ ಬೇರೆ ತೆಗೆದಿಟ್ಟು ವಿಚಾರಿಸುವುದು ಲೇಸು. ಇಬೇಯಲ್ಲಿ ಹುಡುಕುವುದಾದರೆ ಕೇಳುತ್ತಿರುವ ಬೆಲೆಯನ್ನಲ್ಲ, ಮಾರಾಟವಾದ ಬೆಲೆಯನ್ನು ನೋಡಬೇಕು.

ಅಂಗಳದ ಅಣಿ

ರಸ್ತೆಯಲ್ಲಿ ಹೋಗುವವರು ಕಾರಿನ ವೇಗ ಇಳಿಸಿ, ಒಂದು ಕ್ಷಣ ನೋಡಿ, ನಿಲ್ಲಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಆದ್ದರಿಂದ ಸೈಕಲ್ಲು, ಏಣಿ, ಹುಲ್ಲು ಕತ್ತರಿಸುವ ಯಂತ್ರ, ಮೇಜುಕುರ್ಚಿಗಳು ರಸ್ತೆಯ ಕಡೆಗೆ, ಬಟ್ಟೆ ಹಿಂದಕ್ಕೆ. ಬಟ್ಟೆಯನ್ನು ಮಡಿಸಿಟ್ಟರೆ ಎರಡು ನಿಮಿಷಕ್ಕೆ ರಾಶಿಯಾಗುತ್ತದೆ. ಎರಡು ಏಣಿಗಳ ನಡುವೆ ಹಗ್ಗ ಕಟ್ಟಿ ತೂಗುಹಾಕುವುದು ಮೇಲು. ನೆಲದ ಮೇಲಿಟ್ಟದ್ದಕ್ಕೆ ಯಾರೂ ಬಗ್ಗುವುದಿಲ್ಲ, ಮೇಜು ಸಾಲದಿದ್ದರೆ ಪ್ಲೈವುಡ್ ಹಲಗೆಯನ್ನು ಎರಡು ಆಸರೆಗಳ ಮೇಲಿಟ್ಟರಾಯಿತು. ವಿದ್ಯುತ್ ಸಾಮಾನು ಇದ್ದಲ್ಲಿ ಎಕ್ಸ್‌ಟೆನ್ಶನ್ ವೈರು ಎಳೆದಿಟ್ಟಿರಬೇಕು. ದೀಪ ಹತ್ತಿಸಿ ತೋರಿಸಿದರೆ ಐದು ಡಾಲರ್, ಹತ್ತುತ್ತದೆ ನಂಬಿ ಎಂದರೆ ಒಂದು. ಮಾರಾಟಕ್ಕಿಲ್ಲದ್ದನ್ನು ಹಳೆಯ ಹಾಸಿಗೆಬಟ್ಟೆಯಿಂದ ಮುಚ್ಚದಿದ್ದರೆ ದಿನವಿಡೀ ಅದರ ಬೆಲೆಯನ್ನೇ ಕೇಳುತ್ತಾರೆ. ಹಣದ ಡಬ್ಬವನ್ನು ಮೇಜಿನ ಮೇಲಿಡದೆ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಮನೆಯ ಬಾಗಿಲಿಗೆ ಬೀಗ. ಈಚೆಗೆ ವೆನ್ಮೊ ಎಂಬ ಫೋನ್ ಆ್ಯಪ್ ಮೂಲಕವೂ ಹಣ ಪಡೆಯುವುದಿದೆ.

ನಿಯಮಗಳು

ಅಮೆರಿಕದ ಹಲವು ಊರುಗಳಲ್ಲಿ ಪರವಾನಗಿ ಬೇಕು, ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿಯೂ ಇರುತ್ತದೆ. ವಿದ್ಯುತ್ ಕಂಬಕ್ಕೆ ಫಲಕ ಹೊಡೆಯುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಸ್ವಂತ ಬಳಕೆಯ ವಸ್ತುವನ್ನು ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದರೆ ಒಕ್ಕೂಟ ಸರ್ಕಾರದ ಆದಾಯ ತೆರಿಗೆ ಬೀಳುವುದಿಲ್ಲ. ಆ ನಷ್ಟವನ್ನು ತೆರಿಗೆಯಲ್ಲಿ ಕಳೆಯಲೂ ಬರುವುದಿಲ್ಲ. ದೋಷವಿದೆಯೆಂದು ತಯಾರಕರು ಹಿಂದಕ್ಕೆ ಕರೆಸಿಕೊಂಡ ಸಾಮಾನನ್ನು ಮನೆಯಂಗಳದಲ್ಲೂ ಮಾರುವಂತಿಲ್ಲ. ಪಕ್ಕದ ಕಟಕಟೆ ಕೆಳಗಿಳಿಯುವ ತೊಟ್ಟಿಲುಮಂಚಗಳಲ್ಲಿ ಮಕ್ಕಳು ಸಿಕ್ಕಿಕೊಂಡು ಸತ್ತದ್ದರಿಂದ ಅವುಗಳ ಮಾರಾಟವೇ 2011ರ ಜೂನ್‌ನಿಂದ ನಿಷಿದ್ಧ. ಮಕ್ಕಳ ಕಾರ್ ಸೀಟಿಗೂ ಮುಗಿಯುವ ದಿನಾಂಕವಿರುತ್ತದೆ.

ಕನ್ನಡಿಗರಲ್ಲಿ

ಕರ್ನಾಟಕದಲ್ಲಿ ಹಳೆಯ ಪತ್ರಿಕೆ ರದ್ದಿ ಅಂಗಡಿಗೆ, ತಗಡು ತಂತಿ ಗುಜರಿಗೆ, ಹಳೆಯ ಸೀರೆ ಸ್ಟೀಲ್ ಪಾತ್ರೆಗೆ ಬದಲಾಗಿ ಹೋಗುವ ದಾರಿಗಳು ಮೊದಲೇ ಇದ್ದವು. ತಾನು ಉಟ್ಟದ್ದನ್ನು ನೆರೆಯವರಿಗೆ ದುಡ್ಡಿಗೆ ಕೊಡುವುದು ಮರ್ಯಾದೆಯ ಪ್ರಶ್ನೆಯೂ ಹೌದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಗ್ಯಾರೇಜ್ ಸೇಲ್ ಹೆಸರಿನ ಮಾರಾಟಗಳು ನಡೆಯುತ್ತವೆ. ಅಮೆರಿಕದಿಂದ ಊರಿಗೆ ಮರಳುವ ಕನ್ನಡ ಕುಟುಂಬಗಳಿಗೆ ಮಾತ್ರ ಮೂವಿಂಗ್ ಸೇಲ್ ತಪ್ಪಿದ್ದಲ್ಲ: ಅಲ್ಲಿನ ಮನೆವಿದ್ಯುತ್ತು 120 ವೋಲ್ಟ್, ಇಲ್ಲಿಯದು 230. ಟಿಕೆಟ್ಟಿನ ದಿನ ನಿಗದಿಯಾಗಿರುವುದರಿಂದ ಬೆಲೆಯಲ್ಲಿ ಬಿಗಿ ಹಿಡಿಯಲೂ ಆಗದು. ಫೋಟೊ ಮತ್ತು ಬೆಲೆಗಳ ಪಟ್ಟಿ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತದೆ. ಅಮೆರಿಕಕ್ಕೆಂದೇ 110 ವೋಲ್ಟಿಗೆ ತಯಾರಾದ ಮಿಕ್ಸಿ, ದೋಸೆಹಿಟ್ಟಿನ ಗ್ರೈಂಡರುಗಳನ್ನು ಅಂಗಳದಲ್ಲಿಟ್ಟರೆ ನೆರೆಯ ಅಮೆರಿಕನ್ನರು ಇದೇನು ಯಂತ್ರವೆಂದು ಕಲ್ಲನ್ನು ಮುಟ್ಟಿ ನೋಡಿ ಹೋಗುತ್ತಾರೆ. ಪಟ್ಟಿಯಲ್ಲಿ ಹಾಕಿದರೆ ಸೋಫಾಕ್ಕಿಂತ ಮೊದಲು ಅವನ್ನೇ ಕೇಳಿ ಫೋನು ಬರುತ್ತದೆ.