ತಪ್ಪು ಕೈಯದಲ್ಲ, ಬಾಣದ್ದು

ಕಳೆದ ವರ್ಷ ಒಂದು ಬಿಲ್ಲುಗಾರಿಕೆ ಆಯ್ಕೆಯ ವರದಿಗೆ ಹೋಗಿದ್ದೆವು. ಬಿದಿರಿನ ಬಿಲ್ಲು, ಎರವಲು ಬಾಣ ಹಿಡಿದು ಬಂದಿದ್ದ ಹುಡುಗಿಯೊಬ್ಬಳ ಬಾಣಗಳೆಲ್ಲ ಗುರಿಯ ಎಡಕ್ಕೇ ಒಂದೇ ಕಡೆ ಗುಂಪಾಗಿ ನಾಟುತ್ತಿದ್ದವು. 'ಕೈ ನಡುಗ್ತದೆ' ಅಂತ ಮನೆಗೆ ಕಳಿಸಿದರು. ನಾವೂ ಹಾಗೇ ಬರೆದೆವು. ಆಮೇಲೆ ಬಿಲ್ಲಿನ ಇತಿಹಾಸ ಓದುತ್ತಾ ಹೋದಾಗ ನಮಗೇ ನಾಚಿಕೆಯಾಯಿತು. ಕೈ ನಡುಗಿದರೆ ಬಾಣ ಚದುರಬೇಕಲ್ಲವೇ?

ಹಳೇ ಕಾಲದ ಮರದ ಬಿಲ್ಲಿನಲ್ಲಿ ಬಾಣ ನಟ್ಟನಡುವಿನಿಂದ ಹೊರಡುವುದಿಲ್ಲ, ಬಿಲ್ಲಿನ ಪಕ್ಕಕ್ಕೆ ಒರಗಿ ಹೊರಡುತ್ತದೆ. ಲೆಕ್ಕಕ್ಕೆ ಅದು ಒಂದು ಬದಿಗೆ ಓಡಬೇಕು. ಆದರೂ ಗುರಿಗೇ ಹೋಗುತ್ತದೆ. ಈ ಒಗಟಿಗೆ 'ಬಿಲ್ಲುಗಾರನ ವಿರೋಧಾಭಾಸ' ಎಂದು ಹೆಸರು. ಉತ್ತರ ಕಣ್ಣಿಗೆ ಬಿದ್ದದ್ದು 1930ರ ದಶಕದಲ್ಲಿ. ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಾಗ, ಹೆದೆ ಬಿಟ್ಟ ಬಾಣ ಕೇರೆಹಾವಿನ ಹಾಗೆ ಬಳುಕುತ್ತಾ ಬಿಲ್ಲನ್ನು ಬಳಸಿಕೊಂಡು ಹೋಗುವುದು ಕಂಡಿತು.

ಹಾಗಾಗಿ ಬಾಣದ ಬಳುಕು ಬಿಲ್ಲಿನ ಬಲಕ್ಕೆ ಹೊಂದಬೇಕು. ಬಲಗೈಯಲ್ಲಿ ಹೆದೆ ಎಳೆಯುವವರಿಗೆ, ಅತಿ ಗಡುಸು ಬಾಣ ಎಡಕ್ಕೆ ಹೋಗುತ್ತದೆ, ಅತಿ ಮೆದುವಾದದ್ದು ಬಲಕ್ಕೆ. ಪರೀಕ್ಷೆಗೆ ಗರಿಯಿಲ್ಲದ ಒಂದು ಬಾಣ ಹೊಡೆದು ನೋಡುತ್ತಾರೆ. ಗರಿ ಇದ್ದರೆ ಅದು ದಾರಿಯಲ್ಲೇ ತಪ್ಪನ್ನು ತಿದ್ದಿಬಿಡುತ್ತದೆ. ಗಡುಸಾಗಿದ್ದರೆ ಭಾರದ ಮೊನೆ ಹಾಕುತ್ತಾರೆ. ಮೆದುವಾಗಿದ್ದರೆ ಕಡ್ಡಿಯನ್ನು ತುಸು ಮೋಟು ಮಾಡುತ್ತಾರೆ. (ಎಳೆಯುವ ಅಳತೆಗಿಂತ ಮೋಟಾದರೆ ಬಾಣ ಕೈಗೇ ಚುಚ್ಚೀತು, ಎಚ್ಚರ.)

ಕಸುಬು ಬಲ್ಲವರು ಕ್ಯಾಮೆರಾಗೆ ಕಾಯಲಿಲ್ಲ. ಇಂಗ್ಲೆಂಡಿನ ರೋಜರ್ ಆಸ್ಕಮ್ ಬಿಲ್ಲು, ಬಾಣ, ಗರಿ ಆರಿಸುವ ಬಗೆಯನ್ನು 1545ರಲ್ಲೇ ಪುಸ್ತಕ ಮಾಡಿದ. ಅದೇ ವರ್ಷ ಅಲ್ಲಿನ ರಾಜ 8ನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ಮುಳುಗಿತು. ಅದರ ಒಡಲಿನಿಂದ ನೂರಕ್ಕೂ ಹೆಚ್ಚು ಬಿಲ್ಲು, ಸಾವಿರಾರು ಬಾಣ ಸಿಕ್ಕಿವೆ. ಯುದ್ಧದಲ್ಲಿ ಬಾಣದ ಮಳೆ ಸುರಿಸಿದರೆ ಸಾಕಿತ್ತು, ಒಂದೊಂದು ಬಿಲ್ಲಿಗೆ ಒಂದೊಂದು ಬಾಣ ಹೊಂದಿಸುತ್ತಾ ಕೂರುವ ಪುರುಸೊತ್ತು ಯಾರಿಗಿತ್ತು? ಆಯ್ಕೆಯ ಪಂದ್ಯ ಯುದ್ಧವಲ್ಲ. ಅಲ್ಲಿ ಒಂದು ಬೆರಳಗಲ ಆಚೀಚೆಯಾದರೂ ಅವಕಾಶ ಹೋಯಿತು.

ಮತ್ತೆ ಆ ಹುಡುಗಿಯ ಊರಿಗೆ ಹೋಗಿ ಕೇಳಿದೆವು. ಅವಳು ಬಲಗೈಯವಳೇ. ಬಾಣಗಳು ಅವಳ ಅಣ್ಣನವು, ಅವನ ಗಟ್ಟಿ ಬಿಲ್ಲಿಗೆಂದು ತಂದಿದ್ದವು. ನಮ್ಮ ವರದಿಗೆ ತಿದ್ದುಪಡಿ ಬರೆದು ಕಳಿಸಿದ್ದೇವೆ. ಇನ್ನೂ ಅಚ್ಚಾಗಿಲ್ಲ.